ಮಂದಣ್ಣನಿಲ್ಲದ ಮತ್ಸ್ಯವಿನೋದ

ಕನ್ನಡದಲ್ಲಿ ‘ಗಾಳ’ ಎಂದ ಕೂಡಲೇ ನೆನಪಿಗೆ ಬರುವುದು ಮೀನಿಗಿಂತ ಮೊದಲು ಮೋಸ. ಚುನಾವಣೆಗೆ ನಿಂತವನು ಗಾಳ ಹಾಕುತ್ತಾನೆ, ಮದುವೆ ದಲ್ಲಾಳಿ ಗಾಳ ಹಾಕುತ್ತಾನೆ, ಸಿಕ್ಕಿಬಿದ್ದವನು ಗಾಳಕ್ಕೆ ಬಿದ್ದ ಎನಿಸಿಕೊಳ್ಳುತ್ತಾನೆ. ಈ ಮಾತಿನ ಹಿಂದೆ ದೊಡ್ಡ ಪರಂಪರೆಯೇ ಇದೆ. ಭಾಗವತದ ಅವಧೂತ ತನ್ನ ಇಪ್ಪತ್ನಾಲ್ಕು ಗುರುಗಳಲ್ಲಿ ಮೀನನ್ನೂ ಎಣಿಸುತ್ತಾನೆ. ಕಿವಿಯಿಂದ ಜಿಂಕೆ ಕೆಟ್ಟಿತು, ಕಣ್ಣಿನಿಂದ ಪತಂಗ ಕೆಟ್ಟಿತು, ನಾಲಗೆಯಿಂದ ಮೀನು ಕೆಟ್ಟಿತು ಎಂಬ ಈ ಪಾಠ ನಮ್ಮ ಪುರಾಣ ಪ್ರವಚನ, ಹರಿಕಥೆಗಳಲ್ಲಿ ಸವೆದು ನುಣುಪಾಗಿದೆ.

ಈ ರೂಪಕ ಮೀನಿನ ದುರಾಸೆಯನ್ನು ನೋಡುತ್ತದೆ, ಎರೆಯತ್ತ ಬೆರಳು ತೋರಿಸುತ್ತದೆ, ನೀತಿ ಹೇಳಿ ಮುಗಿಸುತ್ತದೆ. ದಾರದ ಇನ್ನೊಂದು ತುದಿಯಲ್ಲಿ ಇರುವವನು ಯಾರು, ಆ ಎರೆಯನ್ನೇ ಯಾಕೆ ಆರಿಸಿದ, ನೀರು ಎಷ್ಟು ಆಳವೆಂದು ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳುವುದಿಲ್ಲ. ರೂಪಕಕ್ಕೆ ಅದು ಬೇಕಿಲ್ಲ. ಸಾಹಿತ್ಯಕ್ಕೆ ಬೇಡವೇ ಎಂಬುದು ನನ್ನ ಪ್ರಶ್ನೆ. ಕನ್ನಡ ನೆಲದಲ್ಲಿ ಹುಟ್ಟಿದ ಎರಡು ಮೀನುಗಾರಿಕೆಯ ಪುಸ್ತಕಗಳನ್ನೂ, ಮೀನಿಗೆ ಸಂಬಂಧವೇ ಇಲ್ಲದ ಒಂದು ಕಾದಂಬರಿಯನ್ನೂ ಜೊತೆಗಿಟ್ಟು ಓದಿದರೆ ಈ ಪ್ರಶ್ನೆಗೆ ಒಂದು ಆಕಾರ ಬರುತ್ತದೆ.

ಮೊದಲ ಪುಸ್ತಕ ಬರೆದವನು ರಾಜ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. 1127ರಲ್ಲಿ ಪಟ್ಟಕ್ಕೆ ಬಂದವನು. ಅವನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಸಂಸ್ಕೃತದ ದೊಡ್ಡ ವಿಶ್ವಕೋಶ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜನೀತಿ, ಅಡುಗೆ, ಆನೆ, ಸಂಗೀತ, ಚಿತ್ರಕಲೆ ಎಲ್ಲವೂ ಅಲ್ಲಿದೆ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೊಂದಿದೆ. ಗಾಳ ಹಾಕಿ ಮೀನು ಹಿಡಿಯುವ ಆಟವನ್ನು ಕುರಿತು ಲೋಕದಲ್ಲಿ ಬರೆದ ಅತಿ ಹಳೆಯ ವಿವರವಾದ ಬರಹಗಳಲ್ಲಿ ಇದೂ ಒಂದು. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಇದರ ಬಗ್ಗೆ ಬರೆದ ಮೇಲೆ ವಿಜ್ಞಾನಿಗಳ ಗಮನ ಇತ್ತ ಹರಿಯಿತು. ಸಾಹಿತ್ಯದ ವಿದ್ಯಾರ್ಥಿಗಳ ಗಮನ ಇನ್ನೂ ಅಷ್ಟಾಗಿ ಹರಿದಿಲ್ಲ.

ಈ ಅಧ್ಯಾಯವನ್ನು ಕಂಪ್ಲಿಯಲ್ಲಿ ಕೂತು ಓದುವುದಕ್ಕೆ ಒಂದು ಅರ್ಥವಿದೆ. ಸೋಮೇಶ್ವರನ ವಂಶಕ್ಕೆ ಈ ಊರಿನಲ್ಲಿ ಅರಮನೆಯಿತ್ತು. ಕಂಪ್ಲಿಯ ಚಾಲುಕ್ಯ ಅರಮನೆಯನ್ನು ಕೆಡವಿದೆವೆಂದು ಹನ್ನೊಂದನೆಯ ಶತಮಾನದ ಚೋಳ ರಾಜಾಧಿರಾಜನ ಶಾಸನಗಳು ಹೇಳಿಕೊಳ್ಳುತ್ತವೆ. ಆ ಅರಮನೆಯ ಗುರುತು ಉಳಿದಿಲ್ಲ, ಹೊಳೆ ಉಳಿದಿದೆ. ಹೊಸಪೇಟೆಯ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಗೆ ಹೋಗುವ ಸೇತುವೆ ಇಲ್ಲಿ ಇಂದಿಗೂ ಮುಳುಗುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ತಾಣವೆಂದು ಘೋಷಿಸಿತು. ಬಂಡೆಗಳ ಸಂದಿಯಲ್ಲಿ ನೀರುನಾಯಿ, ಅದೇ ನೀರಿನಲ್ಲಿ ಹರಗೋಲಿನ ಮೇಲೆ ಬಲೆ ಬಿಡುವ ಬೆಸ್ತ. ಇಬ್ಬರದೂ ಒಂದೇ ಕಸುಬು.

‘ಮತ್ಸ್ಯವಿನೋದ’ದ ಗುಣ ಅದರ ಶ್ರದ್ಧೆಯಲ್ಲಿದೆ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಅದು ಹೆಸರಿಸುತ್ತದೆ. ಕಡಲಿನದು ಯಾವುದು, ಹೊಳೆಯದು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ತಿನಿಸು ಹಾಕಿದರೆ ಬರುತ್ತದೆ ಎಂದು ಬಿಡಿಸಿ ಹೇಳುತ್ತದೆ. ಒಂದೇ ಜಾಗದಲ್ಲಿ ತಿನಿಸು ಹಾಕಿ ಮೀನನ್ನು ಪಳಗಿಸಿ, ಆಮೇಲೆ ಗಾಳ ಬಿಡಬೇಕು ಎನ್ನುತ್ತದೆ. ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಕೊಕ್ಕೆ ಹೇಗಿರಬೇಕು ಎನ್ನುವುದನ್ನೂ ಬಿಡುವುದಿಲ್ಲ. ಅಲಂಕಾರಪ್ರಿಯವಾದ ಕಾಲದಲ್ಲಿ, ಕಣ್ಣಿಗೆ ಮೀನನ್ನು ಹೋಲಿಸುವುದೇ ಕಾವ್ಯವೆನಿಸಿಕೊಂಡಿದ್ದ ಕಾಲದಲ್ಲಿ, ಮೀನನ್ನು ಮೀನಾಗಿಯೇ ನೋಡಿದ ಗದ್ಯಬುದ್ಧಿ ಇದರದು. ಪದ್ಯದಲ್ಲಿದ್ದರೂ ಇದರ ಮನಸ್ಸು ಗದ್ಯದ್ದು.

ಆದರೆ ಯಾವ ಹೊಳೆಯ ಯಾವ ಮೀನು ಯಾವ ಹಿಟ್ಟಿನ ಉಂಡೆಗೆ ಬರುತ್ತದೆ ಎನ್ನುವುದು ಅರಮನೆಯ ಪಡಸಾಲೆಯಲ್ಲಿ ಹುಟ್ಟುವ ತಿಳಿವಳಿಕೆಯಲ್ಲ. ಅದಕ್ಕೆ ಒಂದು ಜೀವಮಾನ ನೀರಿನಲ್ಲಿ ಕಾಲಿಟ್ಟು ನಿಂತಿರಬೇಕು. ಅಂಥವನೊಬ್ಬ, ಬಹುಶಃ ಅಂಥ ನೂರು ಜನ, ಈ ಅಧ್ಯಾಯದ ಹಿಂದೆ ಇದ್ದಾರೆ. ಅಧ್ಯಾಯದ ಒಳಗೆ ಮಾತ್ರ ಅವರ ದನಿಯಿಲ್ಲ. ಅಲ್ಲಿ ಕೋಲು ಹಿಡಿದವನು ರಾಜ, ಮೀನು ಎಳೆಯುವವನು ರಾಜ, ಬಲ್ಲವನೂ ರಾಜ. ಸೋಮೇಶ್ವರನಿಗೆ ‘ಸರ್ವಜ್ಞ’ ಎಂಬ ಬಿರುದಿತ್ತು. ಎಲ್ಲರಿಗೂ ತಿಳಿದದ್ದನ್ನು ಒಬ್ಬನ ಹೆಸರಿಗೆ ಬರೆದುಕೊಳ್ಳುವುದು ಹೇಗೆ ಎಂಬುದಕ್ಕೆ ಈ ಬಿರುದಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಶಾಸ್ತ್ರಗ್ರಂಥದ ರೂಢಿಯೇ ಹಾಗೆ, ಹೇಳಿಕೊಟ್ಟವರ ಹೆಸರು ಅಲ್ಲಿ ಬರುವುದಿಲ್ಲ, ಇಂದಿನ ನ್ಯಾಯವನ್ನು ಅಂದಿನ ಪಠ್ಯದ ಮೇಲೆ ಹೇರಬಾರದು ಎಂದು. ಅರ್ಧ ಒಪ್ಪುತ್ತೇನೆ. ಸೋಮೇಶ್ವರ ಬರೆಸಿಡದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ, ಆ ಋಣ ನಮ್ಮ ಮೇಲಿದೆ. ಆದರೆ ಅಂದಿನ ಕಾಲಕ್ಕೆ ಬೇರೆ ದಾರಿಯೇ ಇರಲಿಲ್ಲ ಎಂಬುದನ್ನು ಒಪ್ಪುವಂತಿಲ್ಲ. ಅದೇ ಹನ್ನೆರಡನೆಯ ಶತಮಾನ, ಅದೇ ಕಲ್ಯಾಣ. ಈ ಪುಸ್ತಕ ಸಿದ್ಧವಾಗಿ ಕೆಲವೇ ದಶಕಗಳಲ್ಲಿ ಅಲ್ಲಿಗೆ ಇನ್ನೊಬ್ಬ ನೀರಿನ ಮನುಷ್ಯ ಬರುತ್ತಾನೆ. ತುಂಗಭದ್ರೆಯ ದಂಡೆಯ ಚೌಡದಾನಪುರದವನೆಂದು ಪರಂಪರೆ ಹೇಳುವ ಅಂಬಿಗರ ಚೌಡಯ್ಯ. ವಚನಕಾರರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡರು. ಚೌಡಯ್ಯ ತನ್ನ ಹೆಸರನ್ನೇ ಇಟ್ಟುಕೊಂಡ, ಅದೂ ಕಸುಬಿನ ಸಮೇತ. ಒಬ್ಬ ಎಲ್ಲವನ್ನೂ ಬಲ್ಲೆನೆಂಬ ಬಿರುದಿನಲ್ಲಿ ಕಸುಬುದಾರರನ್ನು ಮರೆಸಿದ. ಇನ್ನೊಬ್ಬ ಪ್ರತಿ ವಚನದ ಕೊನೆಗೂ ಕಸುಬಿನ ಮುದ್ರೆ ಒತ್ತಿದ. ಸಂಸ್ಕೃತದ ಶಾಸ್ತ್ರ ಕೊಡದ ಜಾಗವನ್ನು ಕನ್ನಡದ ವಚನ ಕೊಟ್ಟಿತು.

ಕೊಟ್ಟ ಜಾಗ ಪೂರ್ತಿಯಾಗಿತ್ತೇ ಎಂದರೆ ಇಲ್ಲ. ದೋಣಿ, ಹೊಳೆ, ದಾಟಿಸುವುದು, ಇವು ವಚನದಲ್ಲಿ ಬೇಗನೆ ಭವಸಾಗರದ ಕಡೆಗೆ ತಿರುಗುತ್ತವೆ. ಮಾತಾಡುವವನು ಅಂಬಿಗನೇ, ಆದರೆ ಮಾತು ದೋಣಿಯನ್ನು ಕುರಿತದ್ದಲ್ಲ. ಹೀಗಾಗಿ ಹನ್ನೆರಡನೆಯ ಶತಮಾನ ನಮಗೆ ಎರಡು ಅರ್ಧಗಳನ್ನು ಬಿಟ್ಟುಹೋಯಿತು. ಒಂದರಲ್ಲಿ ತಿಳಿವಳಿಕೆಯಿದೆ, ತಿಳಿದವನಿಲ್ಲ. ಇನ್ನೊಂದರಲ್ಲಿ ತಿಳಿದವನಿದ್ದಾನೆ, ಅವನ ಕೈಕಸುಬಿನ ತಿಳಿವಳಿಕೆ ರೂಪಕವಾಗಿ ಕರಗಿದೆ.

ಎರಡನೆಯ ಪುಸ್ತಕ ಬರಲು ಏಳು ಶತಮಾನ ಬೇಕಾಯಿತು. ಬರೆದವರು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್. ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಮೊದಲು ಅಚ್ಚಾಯಿತು. ಮುಂದೆ 1894ರಲ್ಲಿ ಕಿಟೆಲ್ ನಿಘಂಟು ಹೊರಬಂದದ್ದೂ ಅದೇ ಊರಿನಿಂದ. ಭಾರತದ ಹೊಳೆಗಳಲ್ಲಿ ಕೋಲುಗಾಳದ ಆಟ ಆಡಬಯಸುವ ಇಂಗ್ಲಿಷರಿಗೆ ಇದು ದೀರ್ಘಕಾಲ ಕೈಪಿಡಿಯಾಗಿತ್ತು. ಮಹಶೀರ್ ಮೀನನ್ನು ಸಾಲ್ಮನ್‌ಗೆ ಸರಿಸಾಟಿಯೆಂದು ಸಾಹೇಬರ ಲೋಕಕ್ಕೆ ಪರಿಚಯಿಸಿದ ಪುಸ್ತಕಗಳಲ್ಲಿ ಇದು ಮುಖ್ಯವಾದದ್ದು. ಥಾಮಸ್‌ಗೆ ಮೀನಿನ ಮರಿಗಳು ನಾಶವಾಗುವ ಬಗ್ಗೆ ನಿಜವಾದ ಕಳವಳವಿತ್ತು, ಅದು ಅವರ ಹಿರಿಮೆ. ಆದರೆ ಆ ಕಾಲದ ಸಾಹೇಬರ ಬೇಟೆ ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಊರಿನ ಮನುಷ್ಯನಿಗೆ ಅಲ್ಲಿ ಎರಡೇ ಪಾತ್ರ. ಒಂದೋ ಸಾಮಾನು ಹೊರುವವನು, ಇಲ್ಲವೇ ಮೀನು ಹಾಳುಮಾಡುವವನು. ಗುರುವಿನ ಪಾತ್ರ ಸಿಗುವುದು ಅಪರೂಪ.

ಥಾಮಸ್ ತಮ್ಮ ನಾಡಿನಿಂದ ಹೊತ್ತು ತಂದ ವಿದ್ಯೆಗಳಲ್ಲಿ ‘ಫ್ಲೈ’ ಒಂದು. ಕನ್ನಡ ಓದುಗರಿಗೆ ಇದು ಅಪರಿಚಿತ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಎರೆಹುಳು, ಹಿಟ್ಟು ಯಾವುದೂ ಇಲ್ಲದೆ, ಬರಿಯ ಕೊಕ್ಕೆಗೆ ಗರಿ ಮತ್ತು ನೂಲು ಸುತ್ತಿ ಮಾಡಿದ ಹುಸಿಹುಳುವೇ ಫ್ಲೈ. ಕೊಕ್ಕೆಯನ್ನು ಪುಟ್ಟ ಹಿಡಿಕೆಯಲ್ಲಿ ಬಿಗಿದು, ತಲೆಯಿಂದ ಬಾಲದವರೆಗೆ ದಾರ ಸುತ್ತಿ, ಬಾಲಕ್ಕೆ ಮೆತ್ತನೆಯ ಪುಕ್ಕ, ಮೈಗೆ ಉಣ್ಣೆ ನೂಲು, ಕೊರಳಿಗೆ ಹುಂಜದ ಗರಿ ಸುತ್ತಿ ಗಂಟು ಹಾಕಿದರೆ ಸರಳವಾದೊಂದು ಫ್ಲೈ ಸಿದ್ಧ. ಮ್ಯಾಸಿಡೋನಿಯಾದ ಜನ ಕೆಂಪು ಉಣ್ಣೆ ಮತ್ತು ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ರೋಮಿನ ಎಲಿಯನ್ ಕ್ರಿ.ಶ. 200ರ ಹೊತ್ತಿಗೇ ಬರೆದಿದ್ದ. ಹುಳು ಹಗುರ, ಅದಕ್ಕೆ ತೂಕವಿಲ್ಲ. ಹಾಗಾಗಿ ಇಲ್ಲಿ ದೂರಕ್ಕೆ ಬೀಸುವುದು ಹುಳುವನ್ನಲ್ಲ, ಭಾರವಾದ ದಾರವನ್ನು. ಹುಳು ಅದರ ಬೆನ್ನಿಗೆ ಹೋಗುತ್ತದೆ.

ಈ ಕಲೆಯಲ್ಲಿ ಎರಡು ಪಂಥಗಳಿವೆ, ಸಾಹಿತ್ಯದ ವಿದ್ಯಾರ್ಥಿಗೆ ಎರಡೂ ಪರಿಚಿತವೆನ್ನಿಸುತ್ತವೆ. ಮೊದಲನೆಯದು ಅನುಕರಣೆ. ಹೊಳೆಯಲ್ಲಿ ಈ ಹೊತ್ತು ಯಾವ ಹುಳು ಹುಟ್ಟಿದೆಯೋ ಅದನ್ನೇ ಹೋಲುವಂತೆ ಕಟ್ಟಬೇಕು. ಟ್ರೌಟ್ ಮೀನಿಗೆ ಇದು ನಡೆಯುತ್ತದೆ, ಏಕೆಂದರೆ ಅದು ಹಸಿದಿರುತ್ತದೆ. ಎರಡನೆಯ ಪಂಥ ಸ್ಟೀಲ್‌ಹೆಡ್ ಮೀನಿನದು. ಇದು ರೇನ್‌ಬೋ ಟ್ರೌಟ್‌ನದೇ ಜಾತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಪಕ್ಕದ ನೀಲಗಿರಿಯ ಹೊಳೆಗಳಿಗೆ ತಂದುಬಿಟ್ಟ ಮೀನಿನ ದಾಯಾದಿ. ಅಮೆರಿಕ, ಕೆನಡಾಗಳ ಪಶ್ಚಿಮ ಕರಾವಳಿಯಲ್ಲಿ ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಇಳಿದು, ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆ ಹತ್ತುತ್ತದೆ. ಚಳಿಗಾಲದಲ್ಲಿ ಹತ್ತುವ ಸ್ಟೀಲ್‌ಹೆಡ್ ಹಿಮದಂಥ ನೀರಿನಲ್ಲಿ ತಳಕ್ಕೆ ಹತ್ತಿ ನಿಂತಿರುತ್ತದೆ, ತಿನ್ನುವುದು ತೀರ ಕಡಿಮೆ. ಹಸಿವಿಲ್ಲದ ಮೀನಿಗೆ ಯಾವ ಹುಳುವಿನ ಅನುಕರಣೆ ಮಾಡುತ್ತೀರಿ? ಅದಕ್ಕೇ ಅಲ್ಲಿನವರು ಲೋಕದಲ್ಲಿಲ್ಲದ ಬಣ್ಣಗಳಲ್ಲಿ, ಕಿತ್ತಳೆ, ನೇರಳೆ, ಕಡುಗಪ್ಪು, ಯಾವ ಹುಳುವನ್ನೂ ಹೋಲದ ಫ್ಲೈ ಕಟ್ಟುತ್ತಾರೆ. ಅದನ್ನು ಆಳದಲ್ಲಿ, ನಿಧಾನವಾಗಿ, ಮೀನಿನ ಮೂತಿಯ ಮುಂದೆ ತೇಲಿಸುತ್ತಾರೆ. ಮೀನು ಯಾಕೆ ಕಚ್ಚುತ್ತದೆ? ಸಿಟ್ಟಿಗೋ, ಹಳೆಯ ಅಭ್ಯಾಸಕ್ಕೋ, ಬರಿಯ ಕುತೂಹಲಕ್ಕೋ ಎಂದು ಇಂದಿಗೂ ವಾದವಿದೆ. ಒಂದು ಮಾತ್ರ ಸತ್ಯ, ನಾಲಗೆಯ ಚಪಲಕ್ಕಲ್ಲ. ಅವಧೂತನ ರೂಪಕ ಈ ಮೀನಿನ ಮುಂದೆ ಸೋಲುತ್ತದೆ. ಕಸುಬನ್ನು ಹತ್ತಿರದಿಂದ ನೋಡಿದರೆ ರೂಪಕವೂ ಬದಲಾಗಬೇಕಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಇಂಗ್ಲಿಷಿನಲ್ಲಿ ಈ ಕಸುಬಿನ ಸುತ್ತ ದೊಡ್ಡ ಸಾಹಿತ್ಯವೇ ಬೆಳೆಯಿತು. 1653ರಲ್ಲಿ ಐಸಾಕ್ ವಾಲ್ಟನ್ ಬರೆದ ‘ದಿ ಕಂಪ್ಲೀಟ್ ಆಂಗ್ಲರ್’ ಸಂವಾದದ ರೂಪದಲ್ಲಿದೆ. ಅಲ್ಲಿ ಮೀನು ಹಿಡಿಯುವವನೇ ಪಾತ್ರ, ಅವನೇ ಗುರು, ಉಳಿದವರು ಕೇಳುವವರು. ಕೆನಡಾದ ಕ್ಯಾಂಪ್‌ಬೆಲ್ ಹೊಳೆಯ ದಂಡೆಯಲ್ಲಿದ್ದ ಮ್ಯಾಜಿಸ್ಟ್ರೇಟ್ ರಾಡ್ರಿಕ್ ಹೇಗ್-ಬ್ರೌನ್ 1946ರಲ್ಲಿ ‘ಎ ರಿವರ್ ನೆವರ್ ಸ್ಲೀಪ್ಸ್’ ಬರೆದರು. ಹನ್ನೆರಡು ತಿಂಗಳು, ತಿಂಗಳಿಗೊಂದು ಭಾಗ, ಜನವರಿಯಲ್ಲಿ ಸ್ಟೀಲ್‌ಹೆಡ್‌ನಿಂದ ಶುರು. ಕೈ ಮರಗಟ್ಟುವ ನೀರಿನಲ್ಲಿ ನಿಂತವನೇ ಬರೆಯುತ್ತಿದ್ದಾನೆ ಎಂಬುದು ಪುಟಪುಟದಲ್ಲೂ ಗೊತ್ತಾಗುತ್ತದೆ. ಇಂಥ ಬರಹದಲ್ಲಿ ತಿಳಿವಳಿಕೆ ಮತ್ತು ತಿಳಿದವನು ಬೇರೆಬೇರೆಯಾಗಿಲ್ಲ. ನಮ್ಮಲ್ಲಿ ಒಡೆದುಹೋದ ಎರಡು ಅರ್ಧಗಳು ಅಲ್ಲಿ ಒಂದಾಗಿವೆ.

ಆ ಲೋಕಕ್ಕೆ ನಮ್ಮ ಕಾಣಿಕೆಯೂ ಇತ್ತು. ಹಳೆಯ ಬೆಡಗಿನ ಸಾಲ್ಮನ್ ಫ್ಲೈಗಳಲ್ಲಿ ಕಣ್ಣಿನಂತೆ ಹೊಳೆಯುವ ಒಂದು ಗರಿ ಇರುತ್ತದೆ. ಅದು ಪಶ್ಚಿಮಘಟ್ಟದ ಕಾಡುಕೋಳಿ ಹುಂಜದ ಕತ್ತಿನದು. ಆ ಗರಿಗಾಗಿ ಲೆಕ್ಕವಿಲ್ಲದಷ್ಟು ಹುಂಜಗಳು ಸತ್ತವು. ಈಗ ಕಾಡುಕೋಳಿಗೆ ಕಾನೂನಿನ ರಕ್ಷಣೆಯಿದೆ. ನಮ್ಮ ಕಾಡಿನ ಗರಿ ಅವರ ಪುಸ್ತಕದ ಬಣ್ಣದ ಪುಟಗಳವರೆಗೆ ತಲುಪಿತು. ಗರಿ ತಂದುಕೊಟ್ಟವನು ತಲುಪಲಿಲ್ಲ.

ಈಗ ಆ ಮೂರನೆಯ ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’, 1980. ಮೂಡಿಗೆರೆಯ ತೇಜಸ್ವಿ ಗಾಳದ ಹುಚ್ಚಿನವರು. ಅಂಡಮಾನ್ ಪ್ರವಾಸಕಥನದಲ್ಲಿ ಆ ಹುಚ್ಚನ್ನು ಎಲ್ಲರೂ ಓದಿ ನಕ್ಕಿದ್ದೇವೆ. ಆದರೆ ನನ್ನ ವಾದಕ್ಕೆ ಬೇಕಾದದ್ದು ಅವರ ಮೀನಿನ ಪ್ರಸಂಗಗಳಿಗಿಂತ ಹೆಚ್ಚಾಗಿ ‘ಕರ್ವಾಲೋ’ದ ಮಂದಣ್ಣ. ಓದು ಹತ್ತದ, ಜೇನು ಹಿಡಿಯುವ, ಊರವರ ಕಣ್ಣಿಗೆ ಉಡಾಳನಾದ ಹುಡುಗ. ಹಾರುವ ಓತಿಯನ್ನು ಕಂಡವನು ಅವನು. ವಿಜ್ಞಾನಿ ಕರ್ವಾಲೋ ಅವನಲ್ಲಿ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಗುರುತಿಸುತ್ತಾರೆ, ಅವನು ಕೇಸಿನಲ್ಲಿ ಸಿಕ್ಕಿಕೊಂಡಾಗ ಜೊತೆಗೆ ನಿಲ್ಲುತ್ತಾರೆ. ಕಾದಂಬರಿಯ ನಿರೂಪಕನಿಗೆ ಮೊದಲು ಇದು ಅರ್ಥವೇ ಆಗುವುದಿಲ್ಲ. ಇಷ್ಟು ದೊಡ್ಡ ವಿಜ್ಞಾನಿಗೆ ಈ ಮಂದಣ್ಣನ ಹತ್ತಿರ ಏನು ಕೆಲಸ ಎಂದು ಅವನು ಬೆರಗಾಗುತ್ತಾನೆ. ಓದುಗರ ಪೂರ್ವಗ್ರಹವನ್ನೇ ನಿರೂಪಕನಿಗೆ ಕೊಟ್ಟು, ಪುಟ ತಿರುವಿದಂತೆ ಅದನ್ನು ಕರಗಿಸುವುದು ತೇಜಸ್ವಿಯವರ ಜಾಣ್ಮೆ.

‘ಕರ್ವಾಲೋ’ವನ್ನು ವಿಕಾಸವಾದ, ಪರಿಸರ, ಕಾಲದ ರಹಸ್ಯ ಎಂದು ಬಹಳ ಚರ್ಚಿಸಿದ್ದೇವೆ. ಅದನ್ನು ‘ಮಾನಸೋಲ್ಲಾಸ’ಕ್ಕೆ ಕನ್ನಡ ಕೊಟ್ಟ ಉತ್ತರವೆಂದೂ ಓದಬಹುದು. ಸೋಮೇಶ್ವರ ಮುಚ್ಚಿಟ್ಟ ವ್ಯವಹಾರವನ್ನು ತೇಜಸ್ವಿ ಬಯಲಿಗಿಟ್ಟರು. ಇಲ್ಲಿ ತಿಳಿವಳಿಕೆ ಹುಟ್ಟುವುದು ಯಾರ ಕಣ್ಣಲ್ಲಿ, ಅದಕ್ಕೆ ಹೆಸರು ಬರುವುದು ಯಾರ ಬಾಯಲ್ಲಿ, ನಡುವೆ ಎಷ್ಟು ಗೌರವ ಬೇಕು ಎಂಬುದೇ ಕತೆ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಪ್ರಪಾತದ ಆಚೆಗೆ ತೇಲಿಹೋಗುತ್ತದೆ. ಹಿಡಿದವನ ಹೆಮ್ಮೆಗೆ ಅಲ್ಲಿ ಜಾಗವೇ ಇಲ್ಲ. ‘ಮತ್ಸ್ಯವಿನೋದ’ ಮೀನು ದಡಕ್ಕೆ ಬರುವುದರಲ್ಲಿ ವಿನೋದ ಕಂಡರೆ, ‘ಕರ್ವಾಲೋ’ ತಪ್ಪಿಸಿಕೊಂಡದ್ದರಲ್ಲಿ ಬೆರಗು ಕಾಣುತ್ತದೆ.

ಆದರೂ ತೇಜಸ್ವಿಯವರ ದಾರಿ ಮಲೆನಾಡಿನ ಕಾಡಿಗೆ ಹೋಯಿತು, ಬಯಲುಸೀಮೆಯ ಹೊಳೆಗೆ ಬರಲಿಲ್ಲ. ಕಾಡಿನ ಬೇಟೆಗೆ ಕನ್ನಡದಲ್ಲಿ ದೊಡ್ಡ ಓದುಗ ಬಳಗವಿದೆ. ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್ ತೇಜಸ್ವಿಯವರ ಕೈಯಲ್ಲಿ ಕನ್ನಡದವರೇ ಆಗಿಬಿಟ್ಟರು. ನೀರಿಗೆ ಅಂಥ ಅದೃಷ್ಟ ಬರಲಿಲ್ಲ. ಬೆಸ್ತ, ಅಂಬಿಗ, ಬಾರಕೇರ, ಗಂಗಾಮತ ಎಂದೆಲ್ಲ ಕರೆಸಿಕೊಳ್ಳುವ ಜನರ ಕಸುಬಿನ ಮಾತು ನಮ್ಮ ಗದ್ಯಕ್ಕೆ ಇನ್ನೂ ಇಳಿದಿಲ್ಲ. ವ್ಯಾಸನ ತಾಯಿ ಬೆಸ್ತರ ಮನೆಯ ಮಗಳು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸಾಹಿತ್ಯ ನಮ್ಮದು. ಆಕೆ ಯಾವ ಮೀನು ಹಿಡಿಯುತ್ತಿದ್ದಳೆಂದು ಕೇಳಿದ ಕವಿ ಇಲ್ಲ.

ಇದರಿಂದ ನಷ್ಟವೇನು ಎಂದು ಕೇಳಬಹುದು. ಮಲೆನಾಡಿನಲ್ಲಿ ‘ಹತ್ತುಮೀನು’ ಎಂಬ ಮಾತಿದೆ. ಮುಂಗಾರಿನ ಮೊದಲ ನೀರಿಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುವ ಮೀನು. ಸ್ಟೀಲ್‌ಹೆಡ್‌ನ ಪಯಣವನ್ನು ವಿವರಿಸಲು ಮೇಲೆ ನಾನು ಒಂದು ವಾಕ್ಯ ಪೂರ್ತಿ ಖರ್ಚು ಮಾಡಿದೆ. ಮಲೆನಾಡಿನ ರೈತ ಎರಡು ಪದದಲ್ಲಿ ಹೇಳಿಬಿಟ್ಟ. ಪದ ಬದುಕುವುದು ಮೀನು ಹತ್ತುವವರೆಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಕಂಪ್ಲಿಯ ಕಡೆಯ ಮೀನಿಗೆ ಮೇಲಿನ ದಾರಿ ಇಲ್ಲ. ಅಮೆರಿಕದ ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲಿ ಅಣೆಕಟ್ಟೆ ಅಡ್ಡಬಂದಾಗ ಅದರಾಚೆಗೆ ಸ್ಟೀಲ್‌ಹೆಡ್ ಹೋಗುವುದು ನಿಂತುಹೋಯಿತು. ಎರಡೂ ಹೊಳೆಗಳಿಗೆ ಆದದ್ದು ಒಂದೇ. ವ್ಯತ್ಯಾಸವಿರುವುದು ಬರಹದಲ್ಲಿ. ಸ್ಟೀಲ್‌ಹೆಡ್ ಎಂದರೆ ಏನಾಗಿತ್ತು ಎಂದು ಹೇಳುವ ಪುಸ್ತಕಗಳು ಅಲ್ಲಿವೆ. ತುಂಗಭದ್ರೆಯಲ್ಲಿ ಏನು ನಿಂತುಹೋಯಿತು ಎಂದು ಹೇಳಲು ನಮ್ಮಲ್ಲಿ ಪುಸ್ತಕವಿಲ್ಲ, ಹರಗೋಲಿನವರ ನೆನಪಿದೆ. ಇಂದು ಈ ಹೊಳೆಯ ಸಂತೆಗಳಲ್ಲಿ ಕೇಳಿಬರುವ ಕಾಟ್ಲಾ, ರೋಹು, ಜಿಲೇಬಿ ಎಲ್ಲವೂ ಹೊರಗಿನಿಂದ ತಂದುಬಿಟ್ಟ ಮೀನುಗಳು, ಹೆಸರುಗಳೂ ಅವುಗಳ ಜೊತೆಗೇ ಬಂದವು. ಕೊರವ, ಗೆಂಡೆ ಎನ್ನುವ ನಾಲಗೆಗಳು ಮುದಿಯಾಗುತ್ತಿವೆ.

ಹಾಗಾಗಿ ‘ಮತ್ಸ್ಯವಿನೋದ’ವನ್ನು ನಮ್ಮ ಪೂರ್ವಿಕರ ವೈಜ್ಞಾನಿಕ ಜ್ಞಾನವೆಂದು ಕೊಂಡಾಡಿ ಸುಮ್ಮನಾಗುವುದು ಸಾಲದು, ರಾಜನ ವಿಲಾಸವೆಂದು ತಳ್ಳಿಹಾಕುವುದೂ ಸಲ್ಲದು. ಅದನ್ನು ಅರ್ಧ ಬರೆದ ಪುಸ್ತಕವೆಂದು ಓದಬೇಕು. ಆ ಮೂವತ್ತೈದು ಹೆಸರುಗಳ ಪಟ್ಟಿ ಹಿಡಿದು ಕಂಪ್ಲಿಯ ಬೆಸ್ತರ ಮುಂದೆ ಕೂತು, ಇದರಲ್ಲಿ ಯಾವುದನ್ನು ಕಂಡಿದ್ದೀರಿ, ಇದಕ್ಕೆ ನೀವು ಏನೆನ್ನುತ್ತೀರಿ, ಇದು ಈ ಎರೆಗೆ ಬರುತ್ತದೆ ಎಂದು ರಾಜ ಬರೆದಿದ್ದಾನೆ, ಹೌದೋ ಸುಳ್ಳೋ ಎಂದು ಕೇಳುವ ವಿದ್ಯಾರ್ಥಿಯೊಬ್ಬ ಅಥವಾ ವಿದ್ಯಾರ್ಥಿನಿಯೊಬ್ಬಳು ಬೇಕು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ಅಲ್ಲಿಂದ ಕಂಪ್ಲಿ ದೂರವೇನಲ್ಲ. ಸಿಗುವ ಉತ್ತರಗಳಲ್ಲಿ ಕೆಲವು ರಾಜನನ್ನು ತಿದ್ದಬಹುದು, ಕೆಲವು ನಮ್ಮನ್ನು. ಬರೆಯುವಾಗ ಒಂದೇ ಎಚ್ಚರ ಸಾಕು: ಹೇಳಿದವರು ಒಪ್ಪಿದರೆ ಅವರ ಹೆಸರು ಪುಸ್ತಕದ ಒಳಗಿರಲಿ, ಅವರ ಮಾತು ಅವರ ಮಾತಿನಂತೆಯೇ ಇರಲಿ.